ನೀರು 9 ಬಂದದ, ಎಳನೀರು ಎಷ್ಟು ಕುಡಿಬೇಕ್ರಿ?

ಪ್ರಶ್ನೆ: ನನಗ ಎಂಟು ತಿಂಗಳಾಗ್ಯಾವ. ಸ್ಕ್ಯಾನಿಂಗ್‌ನಾಗ ಕೂಸಿನ ಸುತ್ತ ನೀರು 9 ಅಂತ ಬಂದದ. ಅತ್ತಿ ದಿನಾ ಮೂರು ಎಳನೀರು ಕುಡಿ ಅಂತಾರ, ಬಾಜು ಮನಿಯವ್ರು ಗ್ಲೂಕೋಸ್ ಬಾಟ್ಲಿ ಹಚ್ಚಿಸ್ಕೊ ಅಂತಾರ. ಯಾವ್ದು ಮಾಡ್ಲಿ?

ಉತ್ತರ: ನೀರಿನ ಸಲುವಾಗಿ ಎರಡೂ ಬೇಡ. 9 ಕಡಿಮೆ ಅಲ್ಲವೇ ಅಲ್ಲ. ಇದೇ ಪ್ರಶ್ನೆ ಹುಮನಾಬಾದಿನಿಂದ ಬರುತ್ತದೆ, ಸುರಪುರದಿಂದ ಬರುತ್ತದೆ, ಸೇಡಂನಿಂದಲೂ ಬರುತ್ತದೆ. ಊರು ಬದಲಾಗುತ್ತದೆ, ಅಂಕಿ ಬದಲಾಗುತ್ತದೆ, ಎಳನೀರು ಮಾತ್ರ ಬದಲಾಗುವುದಿಲ್ಲ.

ಮೊದಲು ಆ ಅಂಕಿ. ಅದು ಲೀಟರ್ ಅಲ್ಲ, 25ಕ್ಕೆ ಬಿದ್ದ ಮಾರ್ಕ್ಸ್ ಕೂಡ ಅಲ್ಲ, ಸೆಂಟಿಮೀಟರ್. ಹೊಟ್ಟೆಯನ್ನು ಹೊಕ್ಕುಳದ ಲೆಕ್ಕದಲ್ಲಿ ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲೂ ಕೈಕಾಲು, ಬಳ್ಳಿ ಅಡ್ಡ ಬರದ ಕಡೆ ನೀರು ಎಷ್ಟು ಆಳ ನಿಂತಿದೆ ಎಂದು ಅಳೆದು ನಾಲ್ಕನ್ನೂ ಕೂಡಿಸುತ್ತಾರೆ. ಅದೇ ಎಎಫ್‌ಐ. 5ರಿಂದ 24ರವರೆಗೆ ಸರಿ. ಕೆಲವರು ಒಂದೇ ಆಳವಾದ ಜಾಗ ಅಳೆಯುತ್ತಾರೆ. ಅದು 2ರಿಂದ 8 ಇರಬೇಕು. ಕೂಸು ಮಗ್ಗಲು ಬದಲಿಸಿದರೆ, ಅಳೆಯುವ ಕೈ ಬದಲಾದರೆ ಒಂದೆರಡು ಸೆಂಟಿಮೀಟರ್ ಆಚೀಚೆ ಆಗುತ್ತದೆ. ಹೋದ ಸಲ 11 ಇತ್ತು, ಈಗ 9 ಆಯಿತು ಎಂದು ಅಳಬೇಕಿಲ್ಲ.

ಈಗ ಆ ಹಠಮಾರಿ ನಂಬಿಕೆ: ತಾಯಿ ಕುಡಿದದ್ದು ಹೊಲಕ್ಕೆ ಕಾಲುವೆ ಬಿಟ್ಟ ಹಾಗೆ ನೇರ ಕೂಸಿನ ಚೀಲಕ್ಕೆ ಇಳಿಯುತ್ತದೆ ಅನ್ನುವುದು. ಅಂಥ ಕಾಲುವೆಯೇ ಇಲ್ಲ. ನೀವು ಕುಡಿದದ್ದು ನಿಮ್ಮ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಮಾಸಿನ ಮೂಲಕ ಕೂಸಿನ ರಕ್ತಕ್ಕೆ, ಅಲ್ಲಿಂದ ಕೂಸಿನ ಕಿಡ್ನಿಗೆ. ಕೂಸು ಮೂತ್ರ ಮಾಡುತ್ತದೆ. ಹೌದು, ಐದನೇ ತಿಂಗಳ ನಂತರ ಆ ನೀರು ಬಹುಪಾಲು ಕೂಸಿನ ಮೂತ್ರವೇ. ಒಂದಿಷ್ಟು ಅದರ ಶ್ವಾಸಕೋಶದಿಂದ ಬರುತ್ತದೆ. ಮುಖ ಸಿಂಡರಿಸಬೇಡಿ. ಅದನ್ನೇ ಕೂಸು ಮತ್ತೆ ನುಂಗುತ್ತದೆ, ಹಾಗಾಗಿ ನೀರು ದಿನವೂ ಹೊಸದಾಗುತ್ತಿರುತ್ತದೆ. 34–36 ವಾರಕ್ಕೆ ಸುಮಾರು 800 ಎಂಎಲ್ ಇದ್ದದ್ದು ದಿನ ತುಂಬುತ್ತ ಬಂದಂತೆ ತಾನಾಗಿಯೇ ಇಳಿಯುತ್ತದೆ.

ಹಾಗಾಗಿ ನೀರು ನಿಜವಾಗಿ 5ಕ್ಕಿಂತ ಕೆಳಗೆ ಬಂದರೆ ಕೇಳಬೇಕಾದದ್ದು ಕಾರಣ. ಮಾಸು ಸರಿಯಾಗಿ ರಕ್ತ ಕೊಡುತ್ತಿಲ್ಲವೇ? ಬಿಪಿ ಏರಿದೆಯೇ? ಕೂಸಿನ ಕಿಡ್ನಿಯಲ್ಲಿ ದೋಷವೇ? ಚೀಲ ಸೋರುತ್ತಿದೆಯೇ? ಮಾಸು ಸೋತಿದ್ದರೆ ಹತ್ತು ಎಳನೀರು ಕುಡಿದರೂ ನಿಮಗೆ ಪಾಯಖಾನೆಯ ಓಡಾಟ ಹೆಚ್ಚಾಗುತ್ತದೆ, ಅಷ್ಟೇ. ಅಲ್ಲಿ ಬೇಕಾದದ್ದು ಬಳ್ಳಿಯ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ಕೂಸಿನ ತೂಕದ ಲೆಕ್ಕ, ಕೆಲವೊಮ್ಮೆ ಬೇಗ ಹೆರಿಗೆ.

ಇನ್ನೊಂದು ಕಾರಣ ನಮ್ಮ ಕಡೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಸೊಂಟನೋವು ಎಂದು ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್. 20 ವಾರದ ನಂತರ ಇವು ಕೂಸಿನ ಮೂತ್ರವನ್ನೇ ಕಡಿಮೆ ಮಾಡುತ್ತವೆ. ಒಂದು ಕೈಯಲ್ಲಿ ಎಳನೀರು, ಇನ್ನೊಂದು ಕೈಯಲ್ಲಿ ಈ ಗುಳಿಗೆ!

ಆದರೂ ನಂಬಿಕೆ ಸಾಯುವುದಿಲ್ಲ, ಏಕೆಂದರೆ ಅದರಲ್ಲಿ ಎಳ್ಳಷ್ಟು ಸತ್ಯವಿದೆ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಮೈಯ ನೀರು ಬತ್ತಿದ ಹೆಂಗಸು ಎರಡು ಲೀಟರ್ ನೀರು ಕುಡಿದರೆ ಎಎಫ್‌ಐ ಒಂದೆರಡು ಸೆಂಟಿಮೀಟರ್ ಏರಬಹುದು. ಬಾಯಾರಿಕೆ ತಣಿಸಿದ್ದಕ್ಕೆ ಏರಿದ್ದು, ಹೆಸರು ಎಳನೀರಿಗೆ. ಮನೆಯ ಕೊಡದಲ್ಲಿನ ನೀರು, ಮಜ್ಜಿಗೆ ಅದೇ ಕೆಲಸ ಮಾಡುತ್ತವೆ. ಬಾಯಿಂದ ಕುಡಿಯಲು ಆಗುವವರಿಗೆ ಬಾಟಲಿ ಯಾಕೆ? ಬಸುರಿನಲ್ಲಿ ಸಕ್ಕರೆ ಕಾಯಿಲೆ ಇದ್ದವರಂತೂ ದಿನಕ್ಕೆ ಮೂರು ಎಳನೀರಿನ ಸಕ್ಕರೆ ಸೇರಿಸಿಕೊಳ್ಳಬಾರದು. ಅವರಿಗೆ ನೀರು ಹೆಚ್ಚಾಗುವುದೇ ತೊಂದರೆ.

ಬಟ್ಟೆ ಒದ್ದೆಯಾದರೆ ಪ್ಯಾಡ್ ಇಟ್ಟು ನೋಡಿ. ಮೂತ್ರದ ವಾಸನೆ ಇಲ್ಲದೆ, ಎದ್ದಾಗ ಮತ್ತೆ ಮತ್ತೆ ಇಳಿದರೆ ಸಮಯ ಬರೆದಿಟ್ಟುಕೊಂಡು ತಾಯಿ ಕಾರ್ಡ್ ಸಮೇತ ಆಸ್ಪತ್ರೆಗೆ ಹೋಗಿ. ನೀರು ಹಸಿರಾಗಿದ್ದರೆ, ಕೂಸಿನ ಅಲುಗಾಟ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಈ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿದರೆ ಕೂಸಿನ ಎಲ್ಲ ರೋಗ ತಿಳಿಯುತ್ತದೆ ಎಂದು ತಿಳಿದವರಿದ್ದಾರೆ. ಇಲ್ಲ. 15 ವಾರದ ನಂತರ ಸ್ಕ್ಯಾನ್ ನೋಡುತ್ತ ತೆಳುವಾದ ಸೂಜಿಯಿಂದ 15–20 ಎಂಎಲ್ ತೆಗೆಯುತ್ತಾರೆ. ಆ ನೀರಿನಲ್ಲಿ ಕೂಸಿನ ಜೀವಕೋಶಗಳಿರುತ್ತವೆ. ಅವನ್ನು ಬೆಳೆಸಿ ಕ್ರೋಮೋಸೋಮ್, ಅಂದರೆ ವಂಶಗುಣ ಹೊತ್ತ ಎಳೆಗಳನ್ನು ನೋಡಲು ಎರಡು ಮೂರು ವಾರ ಬೇಕು. ಗರ್ಭ ಇಳಿಯುವ ಅಪಾಯ ಕಡಿಮೆ, ಸೊನ್ನೆಯಲ್ಲ. ರಕ್ತದ ಗುಂಪು ನೆಗೆಟಿವ್ ಇದ್ದವರಿಗೆ ಆಮೇಲೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ಗಂಡೋ ಹೆಣ್ಣೋ ಎಂದು ಹೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ, ಕೇಳುವುದೂ ಬೇಡ.

ಕ್ರೋಮೋಸೋಮ್ ಪರೀಕ್ಷೆಯಲ್ಲಿ ಒಂದು ಎಳೆ ಹೆಚ್ಚಾಗಿ ಬರುವ ಡೌನ್ ಸಿಂಡ್ರೋಮ್ ಸಿಗುತ್ತದೆ, ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಆಗುವ ರಕ್ತದ ರೋಗ ಥಲಸ್ಸೇಮಿಯಾ ಸಿಗುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ ಮುಖ್ಯವಾದದ್ದು ಈ ಎರಡನೆಯ ಬಗೆಯ ರೋಗ. ಅದಕ್ಕೆ ಮೊದಲು ಹೆಂಡತಿಯ ರಕ್ತದ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆ ನೋಡುವ) ಪರೀಕ್ಷೆ, ಅದರಲ್ಲಿ ದೋಷ ಬಂದರೆ ಗಂಡನದು, ಇಬ್ಬರಲ್ಲೂ ಇದ್ದರೆ ಮಾತ್ರ ಕೂಸಿನ ಡಿಎನ್‌ಎ ಪರೀಕ್ಷೆ. ಮೂರು ತಿಂಗಳೊಳಗೇ ಶುರು ಮಾಡಿ. ರಕ್ತ ಕಡಿಮೆ ಎಂದು ಬಾಟಲಿ ರಕ್ತ ಏರಿಸುವವರಿದ್ದರೆ, ಅದಕ್ಕೂ ಮೊದಲೇ ಈ ಪರೀಕ್ಷೆಗೆ ರಕ್ತ ಕೊಡಿ. ಏರಿಸಿದ ಮೇಲೆ ಕೊಟ್ಟರೆ ರಿಪೋರ್ಟಿನಲ್ಲಿ ಬೇರೆಯವರ ರಕ್ತವೂ ಬೆರೆತು ಕಾಣುತ್ತದೆ.