ನಾಲ್ಕು ವರ್ಷದ ಫೋನಿಗೆ ಮತ್ತೆ ದುಡ್ಡು ಹಾಕೋದು ದಂಡವಾ?

ಪ್ರಶ್ನೆ: ನನ್ನ ಫೋನಿಗೆ ನಾಲ್ಕು ವರ್ಷ ಆಯ್ತು. ಬೆಳಿಗ್ಗೆ ಫುಲ್ ಚಾರ್ಜ್ ಮಾಡಿದ್ರೂ ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ. 20 ಪರ್ಸೆಂಟ್ ಇದ್ದಾಗಲೇ ಒಮ್ಮೊಮ್ಮೆ ಆಫ್ ಆಗುತ್ತೆ. ಅಂಗಡಿಯವರು "ಇದಕ್ಕೆ ದುಡ್ಡು ಹಾಕ್ಬೇಡಿ, ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಗೊಳ್ಳಿ" ಅಂತಾರೆ. ಏನು ಮಾಡಲಿ?

ಉತ್ತರ: ಹೊಸದು ಬೇಡ. ಬ್ಯಾಟರಿ ಬದಲಾಯಿಸಿ. ನೀವು ಹೇಳಿರುವ ಲಕ್ಷಣ ನೋಡಿದರೆ ವಯಸ್ಸಾಗಿರುವುದು ಬ್ಯಾಟರಿಗೆ, ಫೋನಿಗಲ್ಲ.

ಲಿಥಿಯಂ ಬ್ಯಾಟರಿ ಬೈಕಿನ ಟೈರ್ ಇದ್ದ ಹಾಗೆ, ಬಳಸಿದಷ್ಟೂ ಸವೆಯುತ್ತದೆ. ಹಲವು ಹಳೆಯ ಫೋನುಗಳಲ್ಲಿ ಸುಮಾರು 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಅದರ ಶಕ್ತಿ 80 ಪರ್ಸೆಂಟಿಗೆ ಇಳಿದಿರುತ್ತದೆ. ದಿನಕ್ಕೊಂದು ಚಾರ್ಜ್ ಅಂದರೂ ಒಂದೂವರೆ ವರ್ಷದ ಲೆಕ್ಕ ಅದು, ನಿಮ್ಮದು ನಾಲ್ಕು ವರ್ಷ ದುಡಿದಿದೆ. ಸವೆದ ಬ್ಯಾಟರಿಗೆ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲು ಆಗುವುದಿಲ್ಲ. ಕ್ಯಾಮೆರಾ ತೆರೆದ ತಕ್ಷಣ ವೋಲ್ಟೇಜ್ ಕುಸಿದು, 20 ಪರ್ಸೆಂಟ್ ತೋರಿಸುತ್ತಿದ್ದರೂ ಫೋನ್ ಆಫ್ ಆಗುವುದು ಇದೇ ಕಾರಣಕ್ಕೆ. 2017ರ ಕೊನೆಯಲ್ಲಿ ಆಪಲ್ ಕಂಪನಿ ಒಂದು ವಿಷಯ ಒಪ್ಪಿಕೊಂಡಿತ್ತು, ನೆನಪಿದೆಯಾ? ಹೀಗೆ ಆಫ್ ಆಗುವುದನ್ನು ತಪ್ಪಿಸಲು ಹಳೆ ಬ್ಯಾಟರಿಯ ಐಫೋನ್‌ಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದೇನೆ ಅಂತ. ಆಮೇಲೆ ಗಲಾಟೆ ಆಗಿ ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರ್‌ನಿಂದ 29 ಡಾಲರ್‌ಗೆ ಇಳಿಸಿತು. "ನನ್ನ ಫೋನ್ ಹಳೇದಾಯ್ತು, ಸ್ಲೋ ಆಯ್ತು" ಅಂದುಕೊಂಡಿದ್ದ ಎಷ್ಟೋ ಜನಕ್ಕೆ ಬೇಕಾಗಿದ್ದದ್ದು ಒಂದು ಬ್ಯಾಟರಿ ಅಷ್ಟೇ.

ನಮ್ಮ ಅಮ್ಮನ ಫೋನಿನದೂ ಇದೇ ಕತೆ. ಹಿಂದಿನ ಕವರ್ ಒಂದು ಕಡೆ ಸ್ವಲ್ಪ ಎದ್ದಿತ್ತು, ನಾವು ಅಂಟು ಬಿಟ್ಟಿದೆ ಅಂದುಕೊಂಡಿದ್ದೆವು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಚಿಕ್ಕ ಅಂಗಡಿಗೆ ಕೊಂಡೊಯ್ದೆ. ಹುಡುಗ ಹಿಂಬದಿಗೆ ಬಿಸಿ ಕೊಟ್ಟು, ತೆಳು ಪ್ಲಾಸ್ಟಿಕ್ ಕಾರ್ಡನ್ನು ಅಂಚಿಗೆ ತೂರಿಸಿ, ಸುತ್ತ ನಿಧಾನಕ್ಕೆ ಎಳೆದ. ಕವರ್ ಬಿಟ್ಟುಕೊಂಡಿತು. ಒಳಗೆ ಬ್ಯಾಟರಿ ಪೂರಿ ಹಾಗೆ ಉಬ್ಬಿತ್ತು! ಅವನು ಲೋಹದ ಸಾಧನ ಮುಟ್ಟಲೇ ಇಲ್ಲ, ಅಂಟಿಗೆ ಎರಡು ಹನಿ ಆಲ್ಕೋಹಾಲ್ ಬಿಟ್ಟು, ಕಾದು, ಮೆಲ್ಲಗೆ ಎಬ್ಬಿಸಿದ. ಮುಕ್ಕಾಲು ಗಂಟೆಯ ಕೆಲಸ. ಆ ಫೋನ್ ಈಗಲೂ ಅಮ್ಮನ ಕೈಯಲ್ಲೇ ಇದೆ. ನಿಮ್ಮ ಫೋನಿನ ಕವರ್ ಹೀಗೆ ಎದ್ದಿದ್ದರೆ ಮಾತ್ರ ದಯವಿಟ್ಟು ಚಾರ್ಜ್ ಹಾಕುವುದನ್ನು ಇವತ್ತೇ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ. ಉಬ್ಬಿದ ಬ್ಯಾಟರಿ ಹೊತ್ತಿಕೊಳ್ಳಬಹುದು.

ಅಂಗಡಿಯವರ ಲೆಕ್ಕಕ್ಕೆ ಬರೋಣ, ಯಾಕಂದ್ರೆ ಹೆಚ್ಚಿನವರು ಮೋಸ ಹೋಗುವುದು ಅಲ್ಲೇ. "ಎಕ್ಸ್‌ಚೇಂಜ್‌ನಲ್ಲಿ 2,000 ಸಿಗೋ ಫೋನಿಗೆ 1,500 ಹಾಕ್ತೀರಾ?" ಅಂತ ಕೇಳುತ್ತಾರೆ. ಕೇಳಿದರೆ ಹೌದಲ್ವಾ ಅನಿಸುತ್ತದೆ. ಆದರೆ ನೀವು ಫೋನ್ ಮಾರಲು ಹೊರಟಿಲ್ಲ, ಬಳಸಲು ಹೊರಟಿದ್ದೀರಿ. 1,500 ರೂಪಾಯಿಯನ್ನು ಹೋಲಿಸಬೇಕಾದ್ದು ಆ 2,000ದ ಜೊತೆ ಅಲ್ಲ, ಹೊಸ ಫೋನಿನ 15,000ದ ಜೊತೆ. ಇನ್ನೆರಡು ವರ್ಷ ಬಂದರೆ ತಿಂಗಳಿಗೆ 60-65 ರೂಪಾಯಿ ಆಯ್ತು.

ಡಿಸ್‌ಪ್ಲೇ ಹೋಗಿದ್ದರೆ ಸ್ವಲ್ಪ ಯೋಚಿಸಬೇಕು. ಟಚ್ ಮತ್ತು ಡಿಸ್‌ಪ್ಲೇ ಒಟ್ಟಿಗೆ ಬರುವ ಕಾಂಬೋ ದುಬಾರಿ, ಒರಿಜಿನಲ್ಲಾ ಕಾಪಿಯಾ ಅಂತ ಮೊದಲೇ ಕೇಳಿ. ಚಾರ್ಜಿಂಗ್ ಪಿನ್ ಸರಿಯಾಗಿ ಕೂರುತ್ತಿಲ್ಲ ಅಂದರೆ ಅಂಗಡಿಗೆ ಹೋಗುವ ಮುಂಚೆ ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಆ ತೂತನ್ನು ಹಗುರವಾಗಿ ಕೆದಕಿ ನೋಡಿ. ಪ್ಯಾಂಟ್ ಜೇಬಿನ ನೂಲು, ಧೂಳು ಉಂಡೆಯಾಗಿ ಹೊರಗೆ ಬಂದು, ಕಾಸು ಖರ್ಚಿಲ್ಲದೆ ಸರಿಹೋದ ಫೋನ್‌ಗಳನ್ನು ನಾನೇ ನೋಡಿದ್ದೇನೆ.

ಇಷ್ಟೆಲ್ಲಾ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ವಿಷಯ ಬರೀ ನಿಮ್ಮ ದುಡ್ಡಿನದಲ್ಲ. 2022ರಲ್ಲಿ ಜಗತ್ತಿನಲ್ಲಿ 620 ಲಕ್ಷ ಟನ್ ಇ-ತ್ಯಾಜ್ಯ ಬಿತ್ತು ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಲೆಕ್ಕಕ್ಕೆ ಸಿಗುವಂತೆ ಸಂಗ್ರಹವಾಗಿ ರೀಸೈಕಲ್ ಆದದ್ದು ಅದರಲ್ಲಿ 22.3 ಪರ್ಸೆಂಟ್ ಮಾತ್ರ. ಉಳಿದದ್ದರಲ್ಲಿ ಎಷ್ಟೋ ಪಾಲು ಸೇರುವುದು ವೈರ್ ಸುಟ್ಟು ತಾಮ್ರ ತೆಗೆಯುವ, ಸರ್ಕ್ಯೂಟ್ ಬೋರ್ಡನ್ನು ಆ್ಯಸಿಡ್‌ಗೆ ಅದ್ದಿ ಚಿನ್ನ ತೆಗೆಯುವ ಬರಿಗೈಗಳಿಗೆ. ಆ ಹೊಗೆ ಕುಡಿಯುವವರೂ ನಮ್ಮ ಜನರೇ. ಸರಿಯಾದ ಕಡೆ ರೀಸೈಕಲ್ ಆದರೂ ಮುಖ್ಯವಾಗಿ ಸಿಗುವುದು ಲೋಹವೇ. ಒಂದು ಫೋನಿನಿಂದ ಪರಿಸರಕ್ಕೆ ಬೀಳುವ ಇಂಗಾಲದ ಹೊರೆಯಲ್ಲಿ ಬಹುಪಾಲು ಅದು ನಿಮ್ಮ ಕೈಗೆ ಬರುವ ಮೊದಲೇ, ಗಣಿಯಲ್ಲಿ, ಚಿಪ್ ಫ್ಯಾಕ್ಟರಿಯಲ್ಲಿ ಮುಗಿದಿರುತ್ತದೆ. ಅದು ವಾಪಸ್ ಬರಲ್ಲ. ಹಾಗಾಗಿ ಇದ್ದ ಫೋನನ್ನೇ ಇನ್ನೆರಡು ವರ್ಷ ನಡೆಸುವುದು ರೀಸೈಕಲ್‌ಗೆ ಕೊಡುವುದಕ್ಕಿಂತ ಎಷ್ಟೋ ಮೇಲು.

ಎಲ್ಲ ಫೋನೂ ಉಳಿಯುತ್ತದೆ ಅಂತಲ್ಲ. ನೀರು ಹೋಗಿ ಬೋರ್ಡ್ ತುಕ್ಕು ಹಿಡಿದಿದ್ದರೆ ಬಿಟ್ಟುಬಿಡಿ. ಸೆಕ್ಯೂರಿಟಿ ಅಪ್‌ಡೇಟ್ ನಿಂತು ಬಹಳ ಕಾಲವಾಗಿದ್ದರೆ ಅದರಲ್ಲಿ ಬ್ಯಾಂಕ್, ಯುಪಿಐ ಇಟ್ಟುಕೊಳ್ಳಬೇಡಿ. ಹಾಡು ಕೇಳಲು, ಮಕ್ಕಳ ಪಾಠಕ್ಕೆ ಬಳಸಬಹುದು. ಅದೂ ಆಗದಿದ್ದರೆ ಗುಜರಿಗೆ ಬೇಡ, ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ಹಳೆಯ ಸಾಮಾನು ರೀಸೈಕಲ್ ಆಗುವಂತೆ ನೋಡಿಕೊಳ್ಳುವ ಜವಾಬ್ದಾರಿ ತಯಾರಕ ಕಂಪನಿಗಳದ್ದೇ.

ನಿಮ್ಮ ಫೋನಿಗೆ ಆ ಕಾಲ ಬಂದಿಲ್ಲ. ಹೋಗುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ. ಸ್ಯಾಮ್‌ಸಂಗ್‌ನ ಹಲವು ಮಾಡೆಲ್‌ಗಳಲ್ಲಿ ಮೇಂಟೆನೆನ್ಸ್ ಮೋಡ್, ಗೂಗಲ್‌ನ ಪಿಕ್ಸೆಲ್ ಫೋನ್‌ಗಳಲ್ಲಿ ರಿಪೇರಿ ಮೋಡ್ ಇದೆ, ಆನ್ ಮಾಡಿದರೆ ನಿಮ್ಮ ಫೋಟೋ, ಮೆಸೇಜ್ ಯಾರಿಗೂ ಕಾಣುವುದಿಲ್ಲ. ಫೋನ್ ಲಾಕ್‌ನ ಪಿನ್ ನಂಬರ್ ಚೀಟಿಯಲ್ಲಿ ಬರೆದು ಕೊಡಬೇಡಿ. ಒಮ್ಮೆ ಬಿಚ್ಚಿದ ಫೋನಿಗೆ ನೀರು ತಡೆಯುವ ಶಕ್ತಿ ಮೊದಲಿನಷ್ಟು ಇರಲ್ಲ, ಮಳೆಯಲ್ಲಿ ಹುಷಾರು. ಬ್ಯಾಟರಿಗೆ ಎಷ್ಟು ತಿಂಗಳ ವಾರಂಟಿ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ, ಸಾಧ್ಯ ಆದ್ರೆ ಅಲ್ಲೇ ನಿಂತು ಕೆಲಸ ಮುಗಿಸಿಕೊಂಡು ಬನ್ನಿ.