ಜಪಸರ ಹಿಡಿಯಲಾಗದ ದಿನ

ಡಯಾಲಿಸಿಸ್ ವಾರ್ಡಿನಲ್ಲಿ ಮಾತಾಡಲು ಬೇಕಾದಷ್ಟು ಸಮಯ ಇರುತ್ತದೆ. ಒಂದು ಸಲಕ್ಕೆ ಸುಮಾರು 4 ಗಂಟೆ, ವಾರಕ್ಕೆ 3 ಸಲ. ಸೂಜಿ ಚುಚ್ಚಿದ ಕೈ ಅಲ್ಲಾಡಿಸುವಂತಿಲ್ಲ. ಆಸ್ಪತ್ರೆಯ ಕಥೋಲಿಕ ಗುರುವಾಗಿ (ಪಾದ್ರಿಯಾಗಿ) ನಾನು ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಆ ಹಾಸಿಗೆಗಳ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುವುದೇ.

ಅಲ್ಲಿಗೆ ಬರುತ್ತಿದ್ದ ಒಬ್ಬ ಅಮ್ಮನ ಬಲಗೈಯಲ್ಲಿ ಯಾವಾಗಲೂ ಜಪಸರ ಇರುತ್ತಿತ್ತು. ಒಂದು ದಿನ ಕೈ ಖಾಲಿ. ಕೇಳಿದೆ.

"ಮನೇಲೇ ಬಿಟ್ಟು ಬಂದೆ ಫಾದರ್. ಹಿಡ್ಕೊಂಡರೂ ಬಾಯಿಂದ ಒಂದು ಮಾತು ಹೊರಡಲ್ಲ. ಯಾವುದೂ ಬೇಡ ಅನ್ಸುತ್ತೆ. ನಿರಾಶೆ ದೊಡ್ಡ ಪಾಪ ಅಂತ ಚಿಕ್ಕವಳಿದ್ದಾಗ ಸಿಸ್ಟರ್ ಹೇಳಿಕೊಟ್ಟಿದ್ರು. ಈ ಕಾಯಿಲೆ ಸಾಲದು ಅಂತ ನರಕಕ್ಕೂ ಹೋಗ್ತೀನಾ?"

ಪಾಪನಿವೇದನೆಯಲ್ಲಿ, ಅಂದರೆ ಜನ ಗುರುವಿನ ಮುಂದೆ ತಮ್ಮ ಪಾಪಗಳನ್ನು ಹೇಳಿಕೊಳ್ಳುವಾಗ, ಕೇಳಿದ್ದನ್ನು ನಾವು ಗುರುಗಳು ಸಾಯುವವರೆಗೂ ಯಾರಿಗೂ ಹೇಳುವಂತಿಲ್ಲ. ಇದು ಹಾಸಿಗೆಯ ಪಕ್ಕ ಆಡಿದ ಮಾತು. ಬರೆಯಲು ಅವರೇ ಒಪ್ಪಿದ್ದಾರೆ. "ನನ್ನ ಹಾಗೆ ಹೆದರಿಕೊಂಡಿರೋರು ಇನ್ನೂ ಇರ್ತಾರೆ, ಬರೀರಿ" ಅಂದರು.

ಸಿಸ್ಟರ್ ಹೇಳಿಕೊಟ್ಟಿದ್ದು ತಪ್ಪಲ್ಲ. ಕಥೋಲಿಕ ಧರ್ಮಸಭೆ ನಿರಾಶೆಯನ್ನು ಪಾಪ ಎಂದೇ ಹೇಳುತ್ತದೆ. ಆದರೆ ಯಾವ ನಿರಾಶೆಯನ್ನು? ತೊಡಕು ಇರುವುದು ಇಲ್ಲೇ. ಬಸ್ಸು ತಪ್ಪಿದರೂ ನಿರಾಶೆ, ಪರೀಕ್ಷೆಯಲ್ಲಿ ಫೇಲಾದರೂ ನಿರಾಶೆ, ಬದುಕೇ ಸಾಕಾದರೂ ನಿರಾಶೆ. ನಮ್ಮ ಮಾತಿನಲ್ಲಿ ಇದು ಮನಸ್ಸಿನ ಸ್ಥಿತಿಯ ಹೆಸರು. ಧರ್ಮಸಭೆ ಪಾಪ ಎನ್ನುವುದು ಒಂದು ತೀರ್ಮಾನವನ್ನು. 1992ರಲ್ಲಿ ಬಂದ, ಧರ್ಮಸಭೆಯ ಬೋಧನೆಗಳನ್ನೆಲ್ಲ ಒಟ್ಟಿಗೆ ಕೊಡುವ ಧರ್ಮೋಪದೇಶ ಗ್ರಂಥದ 2091ನೇ ಪರಿಚ್ಛೇದ ಇದನ್ನು ಬಿಡಿಸಿ ಹೇಳುತ್ತದೆ. ದೇವರು ನನ್ನನ್ನು ಉದ್ಧಾರ ಮಾಡುವುದಿಲ್ಲ, ಅದಕ್ಕೆ ಬೇಕಾದ ನೆರವು ಕೊಡುವುದಿಲ್ಲ, ನನ್ನ ಪಾಪವನ್ನು ಕ್ಷಮಿಸುವುದಿಲ್ಲ ಎಂದು ಭರವಸೆಯನ್ನೇ ಬಿಟ್ಟುಬಿಡುವುದು ಆ ಪಾಪ. ಅದರ ಜೊತೆಯಲ್ಲೇ ಇನ್ನೊಂದನ್ನೂ ಹೇಳಿದೆ: ದೇವರು ಹೇಗೂ ಕ್ಷಮಿಸುತ್ತಾನೆ, ಮನಸ್ಸು ಬದಲಿಸುವ ಅಗತ್ಯವೇ ಇಲ್ಲ ಎಂಬ ಉಡಾಫೆ. ಅದೂ ಭರವಸೆಗೆ ವಿರುದ್ಧವಾದ ಪಾಪವೇ. ಆಸ್ಪತ್ರೆಯಲ್ಲಿ ಅದು ನನಗೆ ಕಾಣಸಿಗುವುದು ಕಡಿಮೆ.

ಜೊತೆಗೆ ಯಾವುದೇ ಪಾಪ ಮಾರಕ ಪಾಪ, ಅಂದರೆ ದೇವರ ಜೊತೆಗಿನ ಸಂಬಂಧವನ್ನೇ ಕಡಿದುಹಾಕುವ ಪಾಪ, ಆಗಬೇಕಾದರೆ 3 ಅಂಶ ಕೂಡಿರಬೇಕು. ವಿಷಯ ಗಂಭೀರವಾಗಿರಬೇಕು, ಅದು ಗಂಭೀರ ಅಂತ ಚೆನ್ನಾಗಿ ಗೊತ್ತಿರಬೇಕು, ಗೊತ್ತಿದ್ದೂ ಪೂರ್ತಿ ಮನಸ್ಸಿನಿಂದ ಒಪ್ಪಿ ಮಾಡಿರಬೇಕು. ಭಯ, ಒತ್ತಡ, ಮಾನಸಿಕ ತೊಂದರೆ ಇದ್ದರೆ ಹೊಣೆ ಕಡಿಮೆಯಾಗುತ್ತದೆ, ಇಲ್ಲವಾಗಲೂಬಹುದು ಎಂದು ಅದೇ ಗ್ರಂಥ ಹೇಳುತ್ತದೆ. ರಾತ್ರಿಯೆಲ್ಲ ನಿದ್ದೆಯಿಲ್ಲದೆ, ತುತ್ತು ಗಂಟಲಲ್ಲಿ ಇಳಿಯದೆ, ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಮಲಗಿದವರ ಮನಸ್ಸು ಕುಗ್ಗುವುದನ್ನು "ಪೂರ್ತಿ ಮನಸ್ಸಿನಿಂದ ಒಪ್ಪಿದ್ದು" ಅಂತ ಯಾರು ಹೇಳಿಯಾರು?

ಆ ಅಮ್ಮನಿಗೆ ನಾನು ಹೇಳಿದ್ದು ಇಷ್ಟೇ. "ಅಮ್ಮ, ದೇವರ ಕಡೆ ಬಾಗಿಲು ಹಾಕಿಕೊಂಡವರು ನರಕಕ್ಕೆ ಹೋಗ್ತೀನಾ ಅಂತ ಹೆದರಿ ಕೇಳಲ್ಲ. ನೀವು ಕೇಳ್ತಾ ಇದ್ದೀರಿ. ಅಂದ್ರೆ ಬಾಗಿಲು ತೆರೆದೇ ಇದೆ."

ಯೇಸುವಿನ ಶಿಷ್ಯರಾದ ಪೇತ್ರ ಮತ್ತು ಯೂದನ ಕಥೆ ನೋಡಿ. ಒಂದೇ ರಾತ್ರಿಯಲ್ಲಿ ಇಬ್ಬರೂ ಯೇಸುಸ್ವಾಮಿಗೆ ಕೈಕೊಟ್ಟರು. ಯೂದ ಹಣಕ್ಕೆ ಹಿಡಿದುಕೊಟ್ಟ. ಪೇತ್ರ ಅವರು ಯಾರೋ ಗೊತ್ತೇ ಇಲ್ಲ ಅಂತ 3 ಸಲ ಹೇಳಿದ. ಇಬ್ಬರಿಗೂ ಪಶ್ಚಾತ್ತಾಪ ಆಯಿತು. ಯೂದ ನಾಣ್ಯಗಳನ್ನು ವಾಪಸ್ಸು ಎಸೆದು ಬಂದ, ತಪ್ಪು ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ಆದರೆ ಹೇಳಿದ್ದು ಯಾಜಕರ ಮುಂದೆ; "ಅದು ನಮಗೇನು?" ಅಂದುಬಿಟ್ಟರು ಅವರು. ಯೂದ ಅಲ್ಲಿಗೇ ಭರವಸೆ ಬಿಟ್ಟ. ಪೇತ್ರ ಬಿಕ್ಕಿ ಬಿಕ್ಕಿ ಅತ್ತ, ಉಳಿದ ಶಿಷ್ಯರ ಹತ್ತಿರ ಬಂದು ಸೇರಿಕೊಂಡ. ಆ ಒಂದು ಮಾತು, "ಅದು ನಮಗೇನು?", ಓದುವಾಗಲೆಲ್ಲ ನನಗೆ ಎದೆ ಚುಚ್ಚಿದಂತಾಗುತ್ತದೆ. ಮನಸ್ಸು ಮುರಿದು ಬಂದವರಿಗೆ ನಾವು ಗುರುಗಳು ಆ ಉತ್ತರ ಕೊಡಬಾರದು. ಅಂದ ಹಾಗೆ, ಯೂದ ನರಕದಲ್ಲಿದ್ದಾನೆ ಎಂದು ಧರ್ಮಸಭೆ ಅಧಿಕೃತವಾಗಿ ಎಂದೂ ಘೋಷಿಸಿಲ್ಲ.

13ನೇ ಶತಮಾನದ ಧರ್ಮಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ ನಿರಾಶೆಯ ಬಗ್ಗೆ ಬಹಳ ಕಟುವಾಗಿ ಬರೆದವರು. ದೇವರ ದ್ವೇಷ, ಅವಿಶ್ವಾಸ ಇನ್ನೂ ದೊಡ್ಡ ಪಾಪಗಳು, ಆದರೆ ನಮ್ಮ ಪಾಲಿಗೆ ನಿರಾಶೆಯೇ ಹೆಚ್ಚು ಅಪಾಯ ಅನ್ನುತ್ತಾರೆ. ಕಾರಣ ಸರಳ. ಭರವಸೆ ಇರುವವನು ಬಿದ್ದರೂ ಎದ್ದು ವಾಪಸ್ಸು ಬರುತ್ತಾನೆ. ಅದು ಹೋದರೆ ತಡೆಯುವುದಕ್ಕೆ ಏನೂ ಉಳಿಯುವುದಿಲ್ಲ. ಇದೇ ಅಕ್ವಿನಾಸ್ ದುಃಖಕ್ಕೆ ಮದ್ದು ಹೇಳುವಾಗ ಏನು ಹೇಳುತ್ತಾರೆ ಗೊತ್ತಾ? ಅಳು, ಸ್ನೇಹಿತರ ಜೊತೆ, ಒಳ್ಳೆಯ ನಿದ್ದೆ, ಸ್ನಾನ! ನಮ್ಮ ಅಜ್ಜಿಯಂದಿರು "ತಲೆಗೆ ಬಿಸಿನೀರು ಹುಯ್ಕೊಂಡು ಮಲಗು, ಎಲ್ಲ ಸರಿಹೋಗುತ್ತೆ" ಅನ್ನುತ್ತಿದ್ದರಲ್ಲ, ಅದೇ. ದುಃಖಕ್ಕೆ ಸ್ನಾನ ಮಾಡು ಎಂದವರು ದುಃಖವನ್ನೇ ಪಾಪ ಎಂದಿರಲು ಸಾಧ್ಯವೇ ಇಲ್ಲ.

ಬೈಬಲಿನ ಪ್ರವಾದಿ ಎಲೀಯನೂ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು "ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ" ಎಂದು ಬೇಡಿದ. ದೇವರು ಗದರಲಿಲ್ಲ. ದೇವದೂತ ಬಂದು ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮತ್ತೆ ತಿನ್ನಿಸಿದ. ಉಪದೇಶವೇ ಇಲ್ಲ, ಊಟ, ನಿದ್ದೆ, ಅಷ್ಟೇ.

ಹಾಗಾಗಿ ವಾರಗಟ್ಟಲೆ ನಿದ್ದೆ, ಊಟ, ಆಸಕ್ತಿ ಹೋಗಿದ್ದರೆ ನಾನು ಮೊದಲು ಕಳಿಸುವುದು ಮನೋವೈದ್ಯರ ಹತ್ತಿರ. ಖಿನ್ನತೆ ಕಾಯಿಲೆ. ಅದಕ್ಕೆ ಮಾತ್ರೆ ನುಂಗುವುದು ವಿಶ್ವಾಸದ ಕೊರತೆಯಲ್ಲ, ಬಿಪಿ ಮಾತ್ರೆ ನುಂಗಿದ ಹಾಗೇ. ಹತ್ತು ಸಲ ಪಾಪನಿವೇದನೆ ಮಾಡಿಯೂ ಕ್ಷಮೆ ಸಿಕ್ಕಿಲ್ಲ ಎಂದು ಒದ್ದಾಡುವವರಿಗೂ ಇದೇ ಮಾತು. ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಒಬ್ಬರೇ ಇರಬೇಡಿ. ಮನೆಯವರಲ್ಲಿ ಒಬ್ಬರಿಗಾದರೂ ಈಗಲೇ ಹೇಳಿ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಯಾವ ಹೊತ್ತಿನಲ್ಲಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಂತರಿಗೂ ಈ ಕತ್ತಲೆ ಗೊತ್ತಿತ್ತು. ಬಾಲ ಯೇಸುವಿನ ಸಂತ ತೆರೇಸಾ 24ನೇ ವಯಸ್ಸಿಗೇ, 1897ರಲ್ಲಿ, ಕ್ಷಯದಿಂದ ತೀರಿಕೊಂಡರು. ಕೊನೆಯ ಒಂದೂವರೆ ವರ್ಷ ಸ್ವರ್ಗ ಇದೆಯೋ ಇಲ್ಲವೋ ಎಂಬ ಗುಮಾನಿ ಅವರನ್ನು ಬಿಡಲೇ ಇಲ್ಲ. ಕೋಲ್ಕತ್ತದ ಮದರ್ ತೆರೇಸಾ ದಶಕಗಳ ಕಾಲ ದೇವರ ಸುಳಿವೇ ಇಲ್ಲದ ಹಾಗೆ ಬದುಕಿದ್ದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ಜಗತ್ತಿಗೆ ತಿಳಿಯಿತು. ಇಬ್ಬರನ್ನೂ ಧರ್ಮಸಭೆ ಸಂತರೆಂದು ಗೌರವಿಸುತ್ತದೆ.

ಆತ್ಮಹತ್ಯೆಯಿಂದ ಮನೆಯವರನ್ನು ಕಳೆದುಕೊಂಡವರು ನನ್ನ ಹತ್ತಿರ ತಲೆ ತಗ್ಗಿಸಿಕೊಂಡೇ ಬರುತ್ತಾರೆ. 1917ರ ಧರ್ಮಸಭೆಯ ಕಾನೂನು, ತಿಳಿದೂ ತಿಳಿದೂ ಹಾಗೆ ಸತ್ತವರಿಗೆ ಚರ್ಚಿನ ಅಂತ್ಯಕ್ರಿಯೆ ನಿರಾಕರಿಸಿತ್ತು. ಆ ಗಾಯ ಹಳೆಯ ಕುಟುಂಬಗಳಲ್ಲಿ ಇನ್ನೂ ಆರಿಲ್ಲ. 1983ರ ಕಾನೂನಿನಲ್ಲಿ ಆ ನಿಷೇಧ ಇಲ್ಲ. ಅವರ ಉದ್ಧಾರದ ಬಗ್ಗೆ ಭರವಸೆ ಬಿಡಬಾರದು ಎಂದು ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿಯೇ ಹೇಳಿದೆ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ನನ್ನ ಪ್ರಕಾರ ಇದು ಇನ್ನೂ ಮುಂಚೆಯೇ ಆಗಬೇಕಿತ್ತು.

ಆ ಅಮ್ಮ ಈಗ ಮನೋವೈದ್ಯರ ಹತ್ತಿರ ಹೋಗುತ್ತಿದ್ದಾರೆ. ಪ್ರಾರ್ಥನೆ ಬರದಿದ್ದರೆ ಏನು ಮಾಡಲಿ ಅಂದಾಗ ಬೈಬಲಿನ 88ನೇ ಕೀರ್ತನೆಗೆ ಗುರುತು ಹಾಕಿಕೊಟ್ಟಿದ್ದೆ. ಮುಂದಿನ ವಾರ ಓದಿಕೊಂಡು ಬಂದಿದ್ದರು.

"ಫಾದರ್, ಬೇರೆ ಕೀರ್ತನೆಗಳಲ್ಲಿ ಕೊನೆಗೆ ಸಮಾಧಾನ ಬರುತ್ತೆ. ಇದರಲ್ಲಿ ಕತ್ತಲೆಯಲ್ಲೇ ಮುಗಿದುಹೋಗುತ್ತಲ್ಲ?"

"ಹೌದಮ್ಮ. ಹಾಗೇ ಮುಗಿಯುತ್ತೆ."

"ಮತ್ತೆ ಇದನ್ನೂ ಪ್ರಾರ್ಥನೆ ಅಂತಾನೇ ಇಟ್ಟಿದ್ದಾರಾ?"

ಹೌದು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ "ಹಾಗಾದ್ರೆ ಇದನ್ನ ನಾನು ಹೇಳಬಲ್ಲೆ" ಅಂದರು.