ಹಿಗೊನೊಕಾಮಿ ತಗೊಂಡ್ರಾ? ಮೊದ್ಲು ಹೆಬ್ಬೆರಳು ಎಲ್ಲಿಡ್ಬೇಕು ನೋಡ್ಕೊಳ್ಳಿ

ಚಾಕು, ಉಳಿ, ಕತ್ತರಿ ಸಾಣೆ ಹಿಡಿಯೋದೇ ನನ್ನ ಕೆಲ್ಸ. ಇತ್ತೀಚೆಗೆ ಜಪಾನಿನ ಹಿಗೊನೊಕಾಮಿ ಅನ್ನೋ ಮಡಚೋ ಚಾಕು ಆಗಾಗ ಬರ್ತಾ ಇದೆ, ತರೋರೆಲ್ಲ ಹೇಳೋದೂ ಒಂದೇ ಮಾತು, "ಸಾರ್, ಇದ್ರಲ್ಲಿ ಲಾಕೇ ಇಲ್ಲ, ಡಿಫೆಕ್ಟ್ ಪೀಸ್ ಕಳ್ಸಿದಾರೆ ಅನ್ಸುತ್ತೆ".

ಡಿಫೆಕ್ಟ್ ಅಲ್ಲ. ಇದ್ರಲ್ಲಿ ಲಾಕೂ ಇಲ್ಲ ಸ್ಪ್ರಿಂಗೂ ಇಲ್ಲ, ಅಲಗು, ತಗಡು ಬಗ್ಗಿಸಿ ಮಾಡಿದ ಹಿಡಿ, ಎರಡನ್ನೂ ಬಿಗಿಯಾಗಿ ಹಿಡಿದಿರೋ ರಿವೆಟ್, ಅಷ್ಟೇ. ಅಲಗಿನ ಬುಡದಲ್ಲಿ ಬಾಲದ ಥರ ಒಂದು ಚೂರು ಆಚೆ ಬಂದಿರುತ್ತಲ್ಲ, ಅದಕ್ಕೆ ಚಿಕಿರಿ ಅಂತಾರೆ. ಅದನ್ನ ಒತ್ತಿದ್ರೆ ಚಾಕು ತೆರ್ಕೊಳುತ್ತೆ, ತೆರೆದ್ಮೇಲೆ ಅದು ಹಿಡಿಯ ಬೆನ್ನ ಮೇಲೆ ಬಂದು ಕೂರುತ್ತೆ, ಕೆಲ್ಸ ಮುಗಿಯೋವರ್ಗೂ ಹೆಬ್ಬೆರಳು ಅದ್ರ ಮೇಲೇ ಇರ್ಬೇಕು. ಪೆನ್ಸಿಲ್ ಚೂಪು ಮಾಡೋವಾಗ, ಹಣ್ಣು ಕೊಯ್ಯೋವಾಗ ಅಲಗು ತಾನಾಗಿ ಮಡಚ್ಕೊಳಲ್ಲ. ಆದ್ರೆ ಮೊನೆಯಿಂದ ಚುಚ್ಚೋಕೆ ಹೋದಾಗ, ಮರದಲ್ಲಿ ಸಿಕ್ಕಾಕೊಂಡಿದ್ದನ್ನ ಅಲ್ಲಾಡಿಸಿ ಕೀಳೋವಾಗ ಬೆರಳು ಜಾರಿದ್ರೆ ಅದು ನೇರ ನಿಮ್ಮ ಬೆರಳಿನ ಮೇಲೇ ಮುಚ್ಕೊಳ್ಳೋದು, ದಯವಿಟ್ಟು ಹಾಗೆ ಬಳಸ್ಬೇಡಿ.

ಇದು ಹುಟ್ಟಿದ್ದು ಹ್ಯೋಗೊ ಪ್ರಾಂತ್ಯದ ಮಿಕಿ ಅನ್ನೋ ಕಮ್ಮಾರರ ಊರಲ್ಲಿ, 1890ರ ದಶಕದಲ್ಲಿ. ಹೆಸರಲ್ಲಿರೋ ಹಿಗೊ ಬೇರೆ ಜಾಗ, ಅಂದ್ರೆ ಈಗಿನ ಕುಮಾಮೊಟೊ, ಚಾಕುವಿನ ಹೆಸರಿನ ಅರ್ಥ ಹಿಗೊ ಪ್ರಾಂತ್ಯದ ಒಡೆಯ ಅಂತ. ಒಂದು ಕಾಲಕ್ಕೆ ಜಪಾನಿನ ಸ್ಕೂಲ್ ಹುಡುಗ್ರ ಜೇಬಲ್ಲೆಲ್ಲ ಇದೇ ಇರ್ತಿತ್ತು. 1960ರಲ್ಲಿ ಸೋಷಲಿಸ್ಟ್ ನಾಯಕ ಅಸನುಮಾ ಅವ್ರನ್ನ ವೇದಿಕೆ ಮೇಲೇ ಹದಿನೇಳರ ಹುಡುಗನೊಬ್ಬ ಇರಿದು ಕೊಂದ, ಅದು ಗಿಡ್ಡ ಕತ್ತಿ, ಈ ಚಾಕು ಅಲ್ವೇ ಅಲ್ಲ, ಆದ್ರೂ ಮಕ್ಕಳ ಕೈಗೆ ಚಾಕು ಕೊಡ್ಬೇಡಿ ಅನ್ನೋ ಚಳವಳಿ ಶುರುವಾಗಿ ಇದ್ರ ಮಾರಾಟ ಬಿದ್ದೋಯ್ತು. ಈಗ ಆ ಹೆಸರಲ್ಲಿ ಮಾಡೋದು ಮಿಕಿಯ ನಾಗಾವೊ ಕನೆಕೊಮಾ ಕಾರ್ಖಾನೆ ಒಂದೇ. ಇಂಥ ಒಳ್ಳೆ ಸಾಮಾನು ಅಷ್ಟಕ್ಕೇ ಬಂದು ನಿಂತಿದೆಯಲ್ಲ ಅಂತ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ.

ಸಾಣೆ ವಿಷಯಕ್ಕೆ ಬರ್ತೀನಿ. ನೀಲಿ ಕಾಗದದ ಉಕ್ಕು, ಅಂದ್ರೆ ಅಒಗಾಮಿ ಅನ್ನೋ ಜಪಾನಿ ಉಕ್ಕು ಹಾಕಿರೋ ಅಲಗಲ್ಲಿ ನಡುವೆ ಗಟ್ಟಿ ಉಕ್ಕು, ಎರಡೂ ಕಡೆ ಮೆತ್ತನೆ ಕಬ್ಬಿಣ ಇರುತ್ತೆ. ಸಾವಿರ ನಂಬರಿನ ನೀರು ಕಲ್ಲಿನ (ನೀರು ಹಾಕಿ ಉಜ್ಜೋ ಸಾಣೆಕಲ್ಲು) ಮೇಲೆ ಅಲಗಿನ ಇಳಿಜಾರು ಪೂರ್ತಿ ಕೂರೋ ಹಾಗಿಟ್ಟು ಉಜ್ಜಿ, ಅಲಗಿನ ಬೆನ್ನು ಎತ್ಬೇಡಿ. ಸ್ವಲ್ಪ ಹೊತ್ತಲ್ಲಿ ಕಬ್ಬಿಣದ ಭಾಗ ಮಂಜು ಕವಿದಂಗೆ ಬೂದು ಆಗುತ್ತೆ, ಬಾಯಿ ಕಡೆ ಉಕ್ಕು ಮಾತ್ರ ಹೊಳೀತಾ ಇರುತ್ತೆ, ಆ ಗೆರೆ ಕಾಣ್ಸಿದಾಗೆಲ್ಲ ನಂಗೆ ಇವತ್ತಿಗೂ ಖುಷಿಯೇ.

ಇದು ಸ್ಟೇನ್‌ಲೆಸ್ ಅಲ್ಲ. ನಿಂಬೆಹಣ್ಣು ಕೊಯ್ದ್ರೆ ನಿಮಿಷದಲ್ಲಿ ಕಪ್ಪಾಗುತ್ತೆ, ಅದ್ರಿಂದ ತೊಂದ್ರೆ ಇಲ್ಲ, ಕೆಂಪು ತುಕ್ಕು ಬರ್ದಂಗೆ ಒರೆಸಿ ಒಣಗ್ಸಿ ಇಡಿ. ರಿವೆಟ್‌ಗೆ ಮಾತ್ರ ಎಣ್ಣೆ ಸುರೀಬೇಡಿ, ಅಲ್ಲಿ ಬಿಗಿ ಬೇಕು. ಮೊನ್ನೆ ಒಬ್ರು ಸುರಿದು ತಂದಿದ್ರು, ತಲೆಕೆಳಗೆ ಹಿಡಿದ್ರೆ ಅಲಗು ತಾನೇ ಜಾರಿ ಆಚೆ ಬರ್ತಿತ್ತು. ಎಣ್ಣೆ ಒರೆಸಿ, ಕಬ್ಬಿಣದ ದಿಮ್ಮಿ ಮೇಲಿಟ್ಟು ರಿವೆಟ್ ತಲೆಗೆ ಸಣ್ಣ ಸುತ್ತಿಗೇಲಿ ಮೆಲ್ಲಗೆ ಎರಡೇಟು ಹಾಕ್ದೆ, ಬಿಗಿಯಾಯ್ತು.